ಮೂತಿ ಒಂದರದ್ದು, ಒಡಲು ಇನ್ನೊಂದರದ್ದು

2014ರ ಜೂನ್ 23ರಂದು ಅಮೆರಿಕದ ಫ್ಲಾರಿಡಾದ ಎಗ್ಲಿನ್ ವಾಯುನೆಲೆಯಲ್ಲಿ ಎಫ್-35ಎ ಯುದ್ಧವಿಮಾನವೊಂದು ಮೇಲೇರಲು ರನ್‌ವೇ ಮೇಲೆ ಓಡುತ್ತಿತ್ತು. ಎಂಜಿನ್‌ನ ಫ್ಯಾನ್‌ನಲ್ಲಿ ಮೂರನೆಯ ಹಂತದ ಅಲಗುಚಕ್ರ ಪಕ್ಕದ ಸೀಲ್‌ಗೆ ಅತಿಯಾಗಿ ಉಜ್ಜಿ, ಕಾದು, ಬಿರುಕುಬಿಟ್ಟಿತ್ತು. ಅದು ಸಿಡಿದ ರಭಸಕ್ಕೆ ಚೂರುಗಳು ಎಂಜಿನ್ ಕವಚವನ್ನೂ ಇಂಧನದ ಟ್ಯಾಂಕನ್ನೂ ಸೀಳಿಕೊಂಡು ಹೊರಬಿದ್ದವು. ಪೈಲಟ್ ಓಟ ನಿಲ್ಲಿಸಿ, ಇಳಿದು ಪಾರಾದರು. ವಿಮಾನದ ಹಿಂದಿನ ಮೂರನೇ ಎರಡು ಭಾಗ ಸುಟ್ಟುಹೋಯಿತು. ಮೂತಿ ಮತ್ತು ಕಾಕ್‌ಪಿಟ್ ಮಾತ್ರ ಉಳಿದವು.

ಆರು ವರ್ಷ ಕಳೆದು 2020ರ ಜೂನ್ 8ರಂದು ಯೂಟಾ ರಾಜ್ಯದ ಹಿಲ್ ವಾಯುನೆಲೆಯಲ್ಲಿ ಇನ್ನೊಂದು ಎಫ್-35ಎ ಇಳಿಯುವಾಗ ಅದರ ಮುಂದಿನ ಗಾಲಿಯ ಕಾಲು ಕುಸಿದು ಮೂತಿ ನೆಲಕ್ಕೆ ಬಡಿಯಿತು. ಇಲ್ಲೂ ಪೈಲಟ್‌ಗೆ ಏನೂ ಆಗಲಿಲ್ಲ. ಆದರೆ ವಿಮಾನದ ಮುಂಭಾಗ ಕೆಲಸಕ್ಕೆ ಬಾರದಷ್ಟು ಜಜ್ಜಿಹೋಗಿತ್ತು. ರೆಕ್ಕೆ, ನಡುಭಾಗ, ಬಾಲ ಎಲ್ಲ ಗಟ್ಟಿಯಾಗಿದ್ದವು.

ಮೊದಲನೆಯದರ ಕ್ರಮಾಂಕ ಎಎಫ್-27, ಎರಡನೆಯದರದ್ದು ಎಎಫ್-211. ಎಎಫ್-27ರ ಉಳಿದ ಭಾಗ ಯುದ್ಧಹಾನಿ ದುರಸ್ತಿಯ ತರಬೇತಿಗೆಂದು ಹಿಲ್ ನೆಲೆಗೇ ಬಂದಿತ್ತು. ಒಂದಕ್ಕೆ ಮೂತಿ ಇದೆ ಒಡಲಿಲ್ಲ, ಇನ್ನೊಂದಕ್ಕೆ ಒಡಲಿದೆ ಮೂತಿಯಿಲ್ಲ. ಎರಡನ್ನೂ ಸೇರಿಸಿ ಒಂದು ಪೂರ್ತಿ ವಿಮಾನ ಮಾಡಬಹುದಲ್ಲ ಎಂಬ ಯೋಚನೆ ಬಂದದ್ದು ಹೀಗೆ. ಎಫ್-35 ಕಾರ್ಯಕ್ರಮದ ಕಚೇರಿ 2023ರಲ್ಲಿ ಇದನ್ನು ಬಹಿರಂಗಪಡಿಸಿತು. 2025ರಲ್ಲಿ ಆ ಜೋಡಣೆಯ ವಿಮಾನ ಮತ್ತೆ ವಾಯುಪಡೆಯ ಸೇವೆಗೆ ಸೇರಿತು. ತಗುಲಿದ ವೆಚ್ಚ ಸುಮಾರು 1.17 ಕೋಟಿ ಡಾಲರ್. ಹೊಸದನ್ನು ಕೊಳ್ಳುವುದಕ್ಕೆ ಹೋಲಿಸಿದರೆ 6 ಕೋಟಿ ಡಾಲರ್‌ಗೂ ಹೆಚ್ಚು ಉಳಿತಾಯ ಎಂಬುದು ಅವರ ಲೆಕ್ಕ.

ದುಡ್ಡಿನ ಲೆಕ್ಕಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಆ ಕೆಲಸ. ಎಫ್-35 ಹುಟ್ಟುವಾಗಲೇ ನಾಲ್ಕು ತುಂಡುಗಳಾಗಿ ಹುಟ್ಟುತ್ತದೆ. ಮೂತಿಭಾಗ ಮತ್ತು ರೆಕ್ಕೆ ಟೆಕ್ಸಾಸ್‌ನ ಫೋರ್ಟ್‌ವರ್ತ್‌ನಲ್ಲಿ, ನಡುಭಾಗ ಕ್ಯಾಲಿಫೋರ್ನಿಯಾದ ಪಾಮ್‌ಡೇಲ್‌ನಲ್ಲಿ, ಹಿಂಭಾಗ ಮತ್ತು ಬಾಲ ಇಂಗ್ಲೆಂಡಿನ ಸ್ಯಾಮ್ಸ್‌ಬರಿಯಲ್ಲಿ ತಯಾರಾಗುತ್ತವೆ. ನಾಲ್ಕೂ ಫೋರ್ಟ್‌ವರ್ತ್‌ಗೆ ಬಂದು, ಲೇಸರ್ ಅಳತೆಯ ಗಣಕೀಕೃತ ಚೌಕಟ್ಟಿನಲ್ಲಿ ಕೂತು ಒಂದಾಗುತ್ತವೆ. ಹೀಗೆ ಸೇರಿಸಿದ್ದನ್ನು ಅದೇ ಸಂದಿನಲ್ಲಿ ಬಿಡಿಸಬಹುದು ಎಂಬುದು ಕಾಗದದ ಮೇಲೆ ಎಲ್ಲರಿಗೂ ಗೊತ್ತಿತ್ತು. ಯಾರೂ ಬಿಡಿಸಿರಲಿಲ್ಲ. ಹಿಲ್ ನೆಲೆಯಲ್ಲಿ ಆ ಚೌಕಟ್ಟೂ ಇರಲಿಲ್ಲ. ಬಿಡಿಸುವುದಕ್ಕೂ ಎತ್ತಿ ಹಿಡಿಯುವುದಕ್ಕೂ ಮತ್ತೆ ಕೂಡಿಸುವುದಕ್ಕೂ ಬೇಕಾದ ಜಿಗ್‌ಗಳನ್ನು, ಸಾಧನಗಳನ್ನು ಹೊಸದಾಗಿಯೇ ರೂಪಿಸಬೇಕಾಯಿತು. ಅದರ ಮೇಲೆ, 27ನೆಯದು ಮೊದಮೊದಲ ತಂಡದಲ್ಲಿ ತಯಾರಾದದ್ದು, 211ನೆಯದು ಅದಕ್ಕಿಂತ ಎಷ್ಟೋ ಈಚಿನದು. ಇಂಥ ಎರಡರ ನಡುವೆ ತಂತಿಗಳು, ಹೈಡ್ರಾಲಿಕ್ ಕೊಳವೆಗಳು, ತಂಪುಗಾಳಿಯ ದಾರಿಗಳು, ಕಂಪ್ಯೂಟರ್‌ಗಳು ಎಲ್ಲವೂ ಕೈಕೈ ಹಿಡಿಯಬೇಕು. ಒಂದು ಸಂದಿನಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಅದರ ಫಲ ಹಾರಾಟದಲ್ಲಿ ಕಾಣುತ್ತದೆ. ರೇಡಾರ್ ಕಣ್ಣು ತಪ್ಪಿಸಲೆಂದೇ ಕಟ್ಟಿದ ಇಂಥ ವಿಮಾನದಲ್ಲಾದರೆ ಶತ್ರುವಿನ ರೇಡಾರ್ ಪರದೆಯ ಮೇಲೂ ಕಾಣುತ್ತದೆ.

ಯುದ್ಧವಿಮಾನದ ರಿಪೇರಿ ಎಂದರೆ ಹರಿದ ತಗಡಿಗೆ ತೇಪೆ ಹಾಕುವ ಕೆಲಸ ಎಂದುಕೊಂಡವರು ಬಹಳ. ತೂತು ಮುಚ್ಚುವುದು ಅದರಲ್ಲಿ ತೀರ ಕೊನೆಯ, ಸುಲಭದ ಹಂತ. ಯುದ್ಧವಿಮಾನವೊಂದು ಬಿಗಿಯಾಗಿ ತಿರುಗಿದಾಗ ಅದರ ಪ್ರತಿ ಭಾಗ ತನ್ನ ತೂಕದ ಒಂಬತ್ತು ಪಟ್ಟು ಭಾರ ತಾಳಬೇಕಾಗುತ್ತದೆ. ಆ ಭಾರ ರೆಕ್ಕೆಯ ಚರ್ಮದಿಂದ ಒಳಗಿನ ತೊಲೆಗೆ, ತೊಲೆಯಿಂದ ಬೋಲ್ಟಿಗೆ, ಬೋಲ್ಟಿನಿಂದ ಒಡಲಿನ ಅಡ್ಡಗೋಡೆಗೆ ಹರಿದುಹೋಗುತ್ತದೆ. ಗುಂಡು ಬಿದ್ದಾಗ, ಹಕ್ಕಿ ಬಡಿದಾಗ ಕಡಿದುಹೋಗುವುದು ಈ ಭಾರದ ದಾರಿ. ಅದನ್ನು ಮೊದಲಿದ್ದಂತೆಯೇ ಜೋಡಿಸಬೇಕು. ಗಟ್ಟಿಯಾಗಿರಲಿ ಎಂದು ದಪ್ಪ ತೇಪೆ ಹಾಕಿದರೆ ಅದು ಸುತ್ತಲಿನ ಭಾರವನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಕೆಲವು ನೂರು ಗಂಟೆ ಹಾರುವಷ್ಟರಲ್ಲಿ ತೇಪೆಯ ಅಂಚಿನಲ್ಲೇ ಹೊಸ ಬಿರುಕು ಮೂಡಬಹುದು. ಹೆಚ್ಚು ಗಟ್ಟಿ ಮಾಡಿದ್ದೇ ತಪ್ಪಾಗುವ ಕಸುಬು ಇದು.

ಅನುಭವಿ ಕೆಲಸಗಾರ ಲೋಹದ ಮೇಲೆ ಗೀರು ಕಂಡರೆ ಅದನ್ನು ತುಂಬಲು ಹೋಗುವುದಿಲ್ಲ. ಸುತ್ತಲಿನ ಲೋಹವನ್ನು ಅರದಿಂದ ನಿಧಾನವಾಗಿ ಉಜ್ಜಿ, ಚೂಪು ಗೀರನ್ನು ಅಗಲವಾದ ನಯವಾದ ತಗ್ಗು ಮಾಡುತ್ತಾನೆ. ಲೋಹ ಕಡಿಮೆಯಾಯಿತು, ಆದರೆ ಬಿರುಕು ಹುಟ್ಟಲು ಅಲ್ಲಿ ಮೂಲೆಯೇ ಉಳಿಯಲಿಲ್ಲ. ತೆಳು ತಗಡಿನಲ್ಲಿ ಈಗಾಗಲೇ ಬಿರುಕಿದ್ದರೆ ಅದರ ತುದಿಯಲ್ಲಿ ಸಣ್ಣ ದುಂಡು ತೂತು ಕೊರೆದು ಮುಂದಕ್ಕೆ ಹೋಗದಂತೆ ತಡೆಯುತ್ತಾನೆ. ರಿವೆಟ್ ಹೊಡೆಯುವಾಗ ತಗಡಿನ ಅಂಚಿನಿಂದ ರಿವೆಟ್ಟಿನ ವ್ಯಾಸದ ಎರಡು ಪಟ್ಟಾದರೂ ಜಾಗ ಬಿಡುತ್ತಾನೆ. ಬೆಂಕಿ ತಗುಲಿದ ವಿಮಾನವಾದರೆ ಪರೀಕ್ಷೆ ಇನ್ನೂ ಸೂಕ್ಷ್ಮ. ಅತಿಯಾಗಿ ಕಾದ ಅಲ್ಯೂಮಿನಿಯಂ ಕಣ್ಣಿಗೆ ಮೊದಲಿನಂತೆಯೇ ಕಾಣಬಹುದು, ಬಣ್ಣವೂ ಅಷ್ಟೇನೂ ಕೆಟ್ಟಿರುವುದಿಲ್ಲ. ಆದರೆ ಕಾರ್ಖಾನೆಯಲ್ಲಿ ಹದ ಹಾಕಿ ಕೊಟ್ಟಿದ್ದ ಬಲ ಕಳೆದುಹೋಗಿರುತ್ತದೆ. ವಿದ್ಯುತ್ ಅದರಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ, ಎಷ್ಟು ಗಡುಸಾಗಿದೆ ಎಂದು ಅಂಗುಲ ಅಂಗುಲವಾಗಿ ಅಳೆದು, ಎಲ್ಲಿಯವರೆಗೆ ಕತ್ತರಿಸಿ ತೆಗೆಯಬೇಕು ಎಂದು ಗೆರೆ ಎಳೆಯಬೇಕು.

ಕಾರ್ಬನ್ ನಾರಿನ ಪದರಗಳನ್ನು ರೆಸಿನ್‌ನಲ್ಲಿ ಬೆಸೆದು ಮಾಡಿದ ಈಗಿನ ವಿಮಾನಗಳ ಸಮಸ್ಯೆ ಬೇರೆ. ಕೆಲಸದ ನಡುವೆ ಒಂದು ಸ್ಪ್ಯಾನರ್ ಕೈಜಾರಿ ಬಿದ್ದರೆ ಹೊರಗೆ ಗುರುತೇ ಕಾಣದಿರಬಹುದು. ಒಳಗೆ ಪದರಗಳು ಬಿಟ್ಟುಕೊಂಡಿರುತ್ತವೆ. ಅದಕ್ಕೆ ಅಲ್ಟ್ರಾಸೌಂಡ್ ಯಂತ್ರವಿದೆ. ಅದರ ಜೊತೆಗೆ, ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ಬಡಿದು ನೋಡುವ ಹಾಗೆ, ನಾಣ್ಯದಿಂದಲೋ ಪುಟ್ಟ ಸುತ್ತಿಗೆಯಿಂದಲೋ ತಟ್ಟಿ ದನಿ ಕೇಳುವ ಪದ್ಧತಿ ಇಂದಿಗೂ ಹ್ಯಾಂಗರ್‌ಗಳಲ್ಲಿ ಉಳಿದಿದೆ. ದನಿ ಮಂದವಾದರೆ ಅಲ್ಲಿ ಪೊಳ್ಳು. ಅಂಥ ಜಾಗವನ್ನು ಇಳಿಜಾರಾಗಿ, ಪದರ ಪದರವಾಗಿ ಉಜ್ಜಿ ತೆಗೆದು, ಒಳಗಿನ ತೇವ ಆರಿಸಿ, ಮೊದಲಿನ ನಾರು ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ ಹೊಸ ಪದರ ಕೂರಿಸಬೇಕು. ಮೇಲೆ ಚೀಲ ಮುಚ್ಚಿ ಗಾಳಿ ಹೀರಿ, ಶಾಖದ ಹೊದಿಕೆ ಹೊದೆಸಿ ಗಂಟೆಗಟ್ಟಲೆ ಬೇಯಿಸಬೇಕು. ಅವಸರಿಸಿದರೆ ಅಂಟು ಹಿಡಿಯುವುದಿಲ್ಲ.

ಈ ಅಂಟಿಸುವ ವಿದ್ಯೆಗೆ ದೊಡ್ಡ ಕೊಡುಗೆ ಕೊಟ್ಟವರು ಮೆಲ್ಬರ್ನ್‌ನ ವಿಜ್ಞಾನಿಗಳು ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಮಿರಾಜ್-3 ಯುದ್ಧವಿಮಾನಗಳ ರೆಕ್ಕೆಯ ಕೆಳಚರ್ಮದಲ್ಲಿ, ಇಂಧನ ಇಳಿಸುವ ತೂತಿನ ಬಳಿ ಬಿರುಕುಗಳು ಕಂಡವು. ಬೋಲ್ಟ್ ಹಾಕಿ ಬಿಗಿಯಲು ಹೋದರೆ ಇನ್ನಷ್ಟು ತೂತು ಕೊರೆಯಬೇಕು, ಅವೇ ಹೊಸ ಬಿರುಕಿನ ತವರು. ಅಲ್ಲಿನ ವೈಮಾನಿಕ ಸಂಶೋಧನಾ ಪ್ರಯೋಗಾಲಯದ ಆಲನ್ ಬೇಕರ್ ಮತ್ತು ಸಂಗಡಿಗರು ಬೋರಾನ್ ನಾರಿನ ತೆಳು ತೇಪೆಗಳನ್ನು ಲೋಹದ ಮೇಲೆ ಬರೀ ಅಂಟಿನಿಂದ ಕೂರಿಸಿದರು. ಒಂದು ತೂತೂ ಕೊರೆಯಲಿಲ್ಲ. ರೆಕ್ಕೆ ಬದಲಿಸಬೇಕಾಗಿದ್ದ ವಿಮಾನಗಳು ಹಾರಾಟ ಮುಂದುವರಿಸಿದವು. ಆ ಪದ್ಧತಿ ಮುಂದೆ ಬೇರೆ ದೇಶಗಳ ವಾಯುಪಡೆಗಳಿಗೂ ಹರಡಿತು.

ಯಾವ ಪೆಟ್ಟು ತಿಂದ ವಿಮಾನವನ್ನು ಉಳಿಸಬೇಕು, ಯಾವುದನ್ನು ಬಿಡಬೇಕು? 2022ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಒಂದು ಎಫ್-35ಎ ವಿಮಾನದ ಎಂಜಿನ್ ಬಾಯಿಗೆ ಸುಮಾರು ಹತ್ತು ಕಿಲೋ ತೂಗುವ ಹದ್ದು ನುಗ್ಗಿತು. ಗಾಲಿಗಳೂ ಬಿಚ್ಚಲಿಲ್ಲ. ಪೈಲಟ್ ಸೋಸನ್ ನೆಲೆಯಲ್ಲಿ ವಿಮಾನವನ್ನು ಹೊಟ್ಟೆಯ ಮೇಲೇ ಇಳಿಸಿ ಉಳಿಸಿಕೊಂಡರು. ಪರೀಕ್ಷಿಸಿದಾಗ ಮುನ್ನೂರರಷ್ಟು ಬಿಡಿಭಾಗಗಳಿಗೆ ಪೆಟ್ಟಾಗಿತ್ತು. ದುರಸ್ತಿಗೆ ಬೇಕಾದದ್ದು ಹೊಸ ವಿಮಾನದ ಬೆಲೆಗಿಂತ ಹೆಚ್ಚು ಹಣ ಮತ್ತು ನಾಲ್ಕು ವರ್ಷ. ಕೊರಿಯಾ ಅದನ್ನು ಸೇವೆಯಿಂದ ತೆಗೆದು ತಂತ್ರಜ್ಞರ ತರಬೇತಿಗೆ ಇಟ್ಟುಕೊಳ್ಳಲು ತೀರ್ಮಾನಿಸಿತು. ಅಲ್ಲಿನ ಕೈಗಾರಿಕೆಯೇನೂ ಸಣ್ಣದಲ್ಲ, ಸ್ವಂತ ಯುದ್ಧವಿಮಾನ ಕಟ್ಟುತ್ತಿರುವ ದೇಶ ಅದು. ಆದರೂ ಆ ವಿಮಾನದ ಒಳಗುಟ್ಟು ಅವರ ಕೈಯಲ್ಲಿರಲಿಲ್ಲ.

ಇದಕ್ಕೆ ತದ್ವಿರುದ್ಧ ಎಫ್-22ರ ಕಥೆ. ಅಮೆರಿಕ ಸೇನೆಗಾಗಿ ಕಟ್ಟಿದ್ದು 187 ಮಾತ್ರ. ಕೊನೆಯದು ವಾಯುಪಡೆಯ ಕೈಸೇರಿದ್ದು 2012ರ ಮೇ ತಿಂಗಳಲ್ಲಿ. ಅದೇ ತಿಂಗಳ 31ರಂದು ಟಿಂಡಲ್ ನೆಲೆಯಲ್ಲಿ ತರಬೇತಿಯಲ್ಲಿದ್ದ ಪೈಲಟ್ ಒಬ್ಬರು ವಿಮಾನ ಸಾಕಷ್ಟು ಮೇಲೇರುವ ಮೊದಲೇ ಗಾಲಿ ಮಡಚಿದರು. ಎಫ್-22 ರನ್‌ವೇ ಮೇಲೆ ಹೊಟ್ಟೆ ಉಜ್ಜುತ್ತ ಜಾರಿತು. ಕಾರ್ಖಾನೆಯ ಸಾಲು ಮುಚ್ಚಿಹೋಗಿದ್ದರಿಂದ ಬದಲಿಗೆ ಇನ್ನೊಂದು ಸಿಗುವ ಹಾಗಿರಲಿಲ್ಲ. ಆರು ವರ್ಷ ಹಿಡಿದರೂ ಸರಿ ಎಂದು ಕೆಲಸಕ್ಕಿಳಿದರು, 2018ರಲ್ಲಿ ಅದು ಮತ್ತೆ ಹಾರಿತು. 2018ರಲ್ಲೇ ಫ್ಯಾಲನ್ ನೆಲೆಯಲ್ಲಿ ಇನ್ನೊಂದು ಎಫ್-22 ಅದೇ ಬಗೆಯಲ್ಲಿ ಜಾರಿ ಬಿತ್ತು. ಅದನ್ನೂ ಬಿಡಲಿಲ್ಲ, ಮರಳಿ ಹಾರಲು ಐದು ವರ್ಷ ಬೇಕಾಯಿತು.

ಶಾಂತಿಕಾಲದಲ್ಲಿ ಐದಾರು ವರ್ಷ ಕಾಯಬಹುದು. ಯುದ್ಧದಲ್ಲಿ ಲೆಕ್ಕ ಗಂಟೆಗಳದ್ದು. ಸಂಜೆ ತೂತು ಬಿದ್ದು ಬಂದ ವಿಮಾನ ಬೆಳಗಿನ ಜಾವಕ್ಕೆ ಸಜ್ಜಾಗಬೇಕು. 1973ರ ಅರಬ್-ಇಸ್ರೇಲ್ ಯುದ್ಧದಲ್ಲಿ ಇಸ್ರೇಲಿ ನೆಲೆಗಳ ತಂತ್ರಜ್ಞರು ಮಾಡಿ ತೋರಿಸಿದ್ದನ್ನು ಬೇರೆ ವಾಯುಪಡೆಗಳು ಅಭ್ಯಾಸ ಮಾಡಿ, ಯುದ್ಧಹಾನಿ ದುರಸ್ತಿ ಎಂಬ ಪ್ರತ್ಯೇಕ ಪಠ್ಯವನ್ನೇ ಬೆಳೆಸಿದವು. ಇಸ್ರೇಲಿಗರ ಕೈಚಳಕಕ್ಕೆ ಹತ್ತು ವರ್ಷದ ನಂತರ ಇನ್ನೊಂದು ಸಾಕ್ಷಿ ಸಿಕ್ಕಿತು. 1983ರ ಮೇ 1ರಂದು ನೆಗೆವ್ ಮರುಭೂಮಿಯ ಮೇಲೆ ಅಭ್ಯಾಸದ ಕಾದಾಟದಲ್ಲಿ ಒಂದು ಎಫ್-15 ಮತ್ತು ಒಂದು ಎ-4 ಡಿಕ್ಕಿಯಾದವು. ಎಫ್-15ರ ಬಲರೆಕ್ಕೆ ಬುಡದ ಬಳಿಯೇ ಕಿತ್ತುಹೋಯಿತು. ಸೋರುತ್ತಿದ್ದ ಇಂಧನದ ಮಂಜಿನಲ್ಲಿ ಅದು ಪೈಲಟ್ ಜಿವಿ ನೆದಿವಿಗೆ ಕಾಣಲೂ ಇಲ್ಲ. ಮಾಮೂಲಿಗಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ರಾಮೋನ್ ನೆಲೆಯಲ್ಲಿ ಇಳಿದ ಅವರು ರನ್‌ವೇ ಮುಗಿಯಲು ಕೆಲವೇ ಮೀಟರ್ ಇರುವಾಗ ನಿಂತರು. ಈ ಇಳಿಯುವಿಕೆ ಜಗತ್ತಿನಾದ್ಯಂತ ಪ್ರಸಿದ್ಧ. ಅದೇ ವಿಮಾನಕ್ಕೆ ಹೊಸ ರೆಕ್ಕೆ ಕೂರಿಸಿ ಸ್ಕ್ವಾಡ್ರನ್‌ಗೆ ಮರಳಿಸಿದವರ ಹೆಸರನ್ನು ಯಾರೂ ಕೇಳುವುದಿಲ್ಲ. ಎಫ್-15ರ ರೆಕ್ಕೆಯನ್ನು ದಪ್ಪ ಪಿನ್ನುಗಳಿಂದ ಒಡಲಿಗೆ ಸಿಕ್ಕಿಸಿರುವುದರಿಂದ ಇಡೀ ರೆಕ್ಕೆ ಬದಲಿಸುವುದು ಸಾಧ್ಯವಾಯಿತು. ವಿನ್ಯಾಸ ಮಾಡುವವನು ರಿಪೇರಿ ಮಾಡುವವನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಎಷ್ಟು ಉಪಕಾರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ನಮ್ಮ ಕಥೆಗೆ ಬರೋಣ. ಬೆಂಗಳೂರಿನಲ್ಲೇ ಹುಟ್ಟಿದ ಎಚ್‌ಎಫ್-24 ಮಾರುತ್ ಎರಡು ಎಂಜಿನ್‌ನ ವಿಮಾನ. 1971ರ ಯುದ್ಧದಲ್ಲಿ ನೆಲದ ಗುಂಡಿಗೆ ಒಂದು ಎಂಜಿನ್ ಕಳೆದುಕೊಂಡೂ ಇನ್ನೊಂದರ ಬಲದಲ್ಲಿ ಗಡಿ ದಾಟಿ ಮರಳಿದ ಮಾರುತ್‌ಗಳಿವೆ. ಪೆಟ್ಟು ತಿಂದು ಬಂದದ್ದನ್ನು ಎತ್ತಿ ನಿಲ್ಲಿಸುವ ವಿದ್ಯೆ ಮಾತ್ರ ಈ ಊರಿಗೆ ಮಾರುತ್‌ಗಿಂತ ಹಳೆಯದು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಇಂದಿನ ಎಚ್‌ಎಎಲ್) ಆರಂಭಿಸಿದ್ದು ಹೊಸ ವಿಮಾನ ಕಟ್ಟುವ ಕನಸಿನಿಂದ. ಎರಡನೆಯ ಮಹಾಯುದ್ಧ ಮನೆಬಾಗಿಲಿಗೆ ಬಂದಾಗ ಆ ಕಾರ್ಖಾನೆ ಅಮೆರಿಕನ್ ವಾಯುಸೇನೆಯ ಉಸ್ತುವಾರಿಯಲ್ಲಿ ದೊಡ್ಡ ರಿಪೇರಿ ಡಿಪೋ ಆಗಿಬಿಟ್ಟಿತು. ಬರ್ಮಾ ಕಡೆಯ ಯುದ್ಧದಲ್ಲಿ ಸವೆದ ವಿಮಾನಗಳು ಇಲ್ಲಿಗೆ ಬರುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾಗಳು ಬೆಳ್ಳಂದೂರು ಕೆರೆಯಲ್ಲೇ ಇಳಿಯುತ್ತಿದ್ದವು. ಈಗ ಆ ಕೆರೆಯ ದಂಡೆಯಲ್ಲಿ ನೊರೆ ನೋಡಿದವರಿಗೆ ನಂಬುವುದು ಕಷ್ಟ.

ಯುದ್ಧ ಮುಗಿಯಿತು. ಬ್ರಿಟಿಷರ ಬಳಿ ಇದ್ದ ಅಮೆರಿಕನ್ ಲಿಬರೇಟರ್ ಬಾಂಬರ್‌ಗಳು ಲೆಂಡ್-ಲೀಸ್ ಒಪ್ಪಂದದ ಸಾಲದವು. ವಾಪಸು ಕೊಡದಿದ್ದರೆ, ಹಣ ತೆರದಿದ್ದರೆ ನಾಶ ಮಾಡಬೇಕು. ಕಾನ್ಪುರದ ಚಕೇರಿ ನೆಲೆಯಲ್ಲಿ ಸಾಲುಗಟ್ಟಿ ನಿಲ್ಲಿಸಿದ್ದವುಗಳ ಮೈಗೆ ಗುದ್ದಲಿ ಹಾಕಿ ತೂತು ಮಾಡಿದರು, ಎಂಜಿನ್‌ಗಳಿಗೆ ಮರಳು ಸುರಿದರು, ವಾಹನ ಹತ್ತಿಸಿ ಜಜ್ಜಿದರು. ಇನ್ನು ಯಾರೂ ಹಾರಿಸಲಾರರು ಎಂಬ ಭರವಸೆಯಲ್ಲಿ ಬಿಟ್ಟುಹೋದರು.

ಸ್ವಾತಂತ್ರ್ಯ ಬಂದ ಹೊಸತರಲ್ಲೇ ಕಾಶ್ಮೀರದಲ್ಲಿ ಯುದ್ಧ ಶುರುವಾಯಿತು. ವಾಯುಪಡೆಗೆ ಭಾರೀ ಬಾಂಬರ್ ಬೇಕಿತ್ತು, ಕೊಳ್ಳಲು ಹಣವಿರಲಿಲ್ಲ. ಎಚ್‌ಎಎಲ್‌ನವರು ಕಾನ್ಪುರಕ್ಕೆ ಹೋಗಿ ಆ ಗುಜರಿಯನ್ನು ನೋಡಿದರು. ಒಂದರ ಬಾಲ, ಇನ್ನೊಂದರ ಎಂಜಿನ್, ಮತ್ತೊಂದರ ಗಾಲಿ ಹೀಗೆ ಹೊಂದಿಸಿ, ಬೆಂಗಳೂರಿನವರೆಗೆ ಹಾರುವಷ್ಟು ಮಟ್ಟಿಗೆ ಅಲ್ಲೇ ಸರಿಮಾಡಿದರು. ನಾಲ್ಕು ಎಂಜಿನ್, ನೂರಹತ್ತು ಅಡಿ ರೆಕ್ಕೆಯ ಆ ಯಂತ್ರಗಳನ್ನು ಸುಮಾರು ಒಂದೂವರೆ ಸಾವಿರ ಕಿಲೋಮೀಟರ್ ದೂರ ತಂದವರು ಎಚ್‌ಎಎಲ್‌ನ ಮುಖ್ಯ ಪರೀಕ್ಷಾ ಪೈಲಟ್ ಜಿಮ್ಮಿ ಮುನ್ಶಿ. ಅದಕ್ಕೆ ಮೊದಲು ಲಿಬರೇಟರ್ ಹಾರಿಸಿದ ಅನುಭವ ಅವರಿಗಿರಲಿಲ್ಲ. ಗುದ್ದಲಿ ಪೆಟ್ಟು ತಿಂದ ವಿಮಾನದಲ್ಲಿ, ಕೆಳಗೆ ವಿಂಧ್ಯ, ಗೋದಾವರಿ, ಕೃಷ್ಣಾ ದಾಟುತ್ತ ಅವರು ಎಂಜಿನ್‌ಗಳ ಸದ್ದಿಗೆ ಎಷ್ಟು ಕಿವಿಗೊಟ್ಟಿರಬೇಕು! ಒಂದಾದ ಮೇಲೊಂದರಂತೆ 42 ವಿಮಾನಗಳು ಬಂದವು. ಬೆಂಗಳೂರಿನ ಹ್ಯಾಂಗರ್‌ಗಳಲ್ಲಿ ಅವುಗಳನ್ನು ಬಿಚ್ಚಿ, ತೊಳೆದು, ಹೊಸ ತಗಡು ಹೊಡೆದು, ಎಂಜಿನ್ ಕೂರಿಸಿ ಸಿದ್ಧಪಡಿಸಲಾಯಿತು. ಇದೇ ಮುನ್ಶಿ 1951ರಲ್ಲಿ, ಇದೇ ಕಾರ್ಖಾನೆ ತಾನೇ ವಿನ್ಯಾಸ ಮಾಡಿ ಕಟ್ಟಿದ ಎಚ್‌ಟಿ-2 ತರಬೇತಿ ವಿಮಾನವನ್ನು ಮೊದಲ ಸಲ ಹಾರಿಸಿದರು.

1948ರ ನವೆಂಬರ್‌ನಲ್ಲಿ ಮೊದಲ ಲಿಬರೇಟರ್‌ಗಳೊಂದಿಗೆ 5ನೇ ಸ್ಕ್ವಾಡ್ರನ್ ರೂಪುಗೊಂಡಿತು. ಬಳಿಕ 6ನೇ ಸ್ಕ್ವಾಡ್ರನ್ ಇವುಗಳಲ್ಲೇ ಸಮುದ್ರದ ಕಾವಲು ಮಾಡಿತು. ನಾಶವಾಯಿತೆಂದು ಲೆಕ್ಕ ಬರೆದಿದ್ದ ವಿಮಾನಗಳು 1968ರವರೆಗೆ, ಇಪ್ಪತ್ತು ವರ್ಷ, ಭಾರತದ ಸೇವೆಯಲ್ಲಿದ್ದವು. ಅಷ್ಟರಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಲಿಬರೇಟರ್ ಕಟ್ಟಿದ್ದ ಅಮೆರಿಕದಲ್ಲೇ ಅವು ಅಪರೂಪವಾಗಿದ್ದವು. ಇಂದು ಅರಿಜೋನಾದ ಪಿಮಾ ಮ್ಯೂಸಿಯಂನಲ್ಲಿ, ಕೆನಡಾದಲ್ಲಿ, ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿ ನಿಂತಿರುವ ಲಿಬರೇಟರ್‌ಗಳು ನಮ್ಮ ವಾಯುಪಡೆಯಿಂದ ಹೋದವು. ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನ 1989ರಲ್ಲಿ ಮತ್ತೆ ಹಾರಿಸಿದ ಲಿಬರೇಟರ್ ಕೂಡ ಭಾರತದಲ್ಲಿ ಸೇವೆ ಮಾಡಿದ್ದೇ. ಈ ವಿಷಯ ನಮ್ಮ ಶಾಲೆಯ ಪಾಠಪುಸ್ತಕದಲ್ಲಿ ಒಂದು ಪುಟವಾದರೂ ಆಗಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗಿನ ಸ್ಥಿತಿ ನೋಡಿ. ಎಚ್‌ಎಎಲ್‌ನ ಬೆಂಗಳೂರು ಓವರ್‌ಹಾಲ್ ವಿಭಾಗ ಜಾಗ್ವಾರ್, ಮಿರಾಜ್-2000ಗಳನ್ನು ಬಿಚ್ಚಿ ಜೋಡಿಸುತ್ತದೆ. ನಾಸಿಕ್ ಬಳಿಯ ಓಝರ್‌ನಲ್ಲಿ ಎಚ್‌ಎಎಲ್ ಮತ್ತು ವಾಯುಪಡೆಯ 11ನೇ ಬೇಸ್ ರಿಪೇರ್ ಡಿಪೋ ಸುಖೋಯ್-30ಗಳನ್ನು ನೋಡಿಕೊಳ್ಳುತ್ತವೆ. ಜಾಗ್ವಾರ್ ಹಾರಿಸುತ್ತಿದ್ದ ಬೇರೆ ದೇಶಗಳೆಲ್ಲ ಅದನ್ನು ಕೈಬಿಟ್ಟಿವೆ. ಬಿಡಿಭಾಗಕ್ಕಾಗಿ ಫ್ರಾನ್ಸ್ ಮತ್ತು ಓಮನ್‌ನ ಹಳೆಯ ಜಾಗ್ವಾರ್‌ಗಳನ್ನೇ ತರಿಸಿಕೊಳ್ಳಲು ಮುಂದಾದೆವು. ಫ್ರಾನ್ಸ್ ನಿವೃತ್ತಿಗೊಳಿಸಿದ ಮಿರಾಜ್‌ಗಳನ್ನೂ ಕೊಂಡೆವು. ಇದನ್ನು ಬಡತನ ಎಂದು ಹಳಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯದರಿಂದ ತೆಗೆದ ಭಾಗ ಯೋಗ್ಯವೋ ಅಲ್ಲವೋ ಎಂದು ಹೇಳಬಲ್ಲ ಕೈಗಳು ಇಲ್ಲಿ ಇವೆ ಎಂಬುದಕ್ಕೆ ಅದು ಪುರಾವೆ. ನಿಜವಾದ ಬಡತನ ಇರುವುದು, ದುಡ್ಡು ಕೊಟ್ಟು ತಂದ ವಿಮಾನಕ್ಕೆ ಪೆಟ್ಟಾದಾಗ ಮುಟ್ಟಲು ತಯಾರಕರ ಅಪ್ಪಣೆಗೆ ಕಾಯುವುದರಲ್ಲಿ. ವಾಯುಪಡೆಗೆ ಮಂಜೂರಾಗಿರುವುದು 42 ಸ್ಕ್ವಾಡ್ರನ್. 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾದ ಮೇಲೆ ಉಳಿದದ್ದು 29. ಹೀಗಿರುವಾಗ ಹೊಟ್ಟೆ ಉಜ್ಜಿ ಇಳಿದ ಒಂದೇ ಒಂದು ವಿಮಾನವನ್ನು ಉಳಿಸಿಕೊಂಡರೂ ಅದು ಸಣ್ಣ ಸಂಗತಿಯಲ್ಲ.

ತೇಜಸ್ ವಿಷಯದಲ್ಲಿ ನಾವು ಅಪ್ಪಣೆ ಕೇಳಬೇಕಿಲ್ಲ. ಅದರ ಒಡಲಿನ ತೂಕದಲ್ಲಿ ಸುಮಾರು ಶೇಕಡಾ 45 ಕಾಂಪೊಸಿಟ್, ಅಂದರೆ ರೆಸಿನ್‌ನಲ್ಲಿ ಬೆಸೆದ ನಾರಿನ ಪದರಗಳು. ಆ ಭಾಗಗಳನ್ನು ಬೇಯಿಸುವ ವಿದ್ಯೆಯನ್ನು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ಇಲ್ಲೇ ಬೆಳೆಸಿದೆ, ನಕ್ಷೆಗಳು ನಮ್ಮವು, ಯಾವ ತೊಲೆ ಎಷ್ಟು ಭಾರ ತಾಳುತ್ತದೆ ಎಂಬ ಲೆಕ್ಕವೂ ನಮ್ಮ ಬಳಿ ಇದೆ. 2021ರಲ್ಲಿ 83, 2025ರಲ್ಲಿ 97, ಒಟ್ಟು 180 ತೇಜಸ್ ಮಾರ್ಕ್-1ಎಗೆ ಸರ್ಕಾರ ಕಾರ್ಯಾದೇಶ ಕೊಟ್ಟಿದೆ. ಇವು ಮೂರು ದಶಕಗಳಾದರೂ ಹಾರಬೇಕಾದವು. ಅವುಗಳಲ್ಲಿ ಕೆಲವು ಹಕ್ಕಿಗೆ ಬಡಿಯುತ್ತವೆ, ಕೆಲವು ರನ್‌ವೇ ಬಿಟ್ಟು ಜಾರುತ್ತವೆ, ಯುದ್ಧ ಬಂದರೆ ಗುಂಡು ತಿಂದು ಬರುತ್ತವೆ. ಎಫ್-22ರ ಸಾಲು ಮುಚ್ಚಿದಾಗ ಅಮೆರಿಕನ್ನರು ಅದರ ಜಿಗ್‌ಗಳನ್ನು ಗುಜರಿಗೆ ಹಾಕದೆ ಕ್ಯಾಲಿಫೋರ್ನಿಯಾದ ಸಿಯೆರಾ ಸೇನಾ ಡಿಪೋದಲ್ಲಿ ಜೋಪಾನವಾಗಿಟ್ಟರು. ತೇಜಸ್‌ನ ಜಿಗ್‌ಗಳಿಗೂ ಅಂಥ ಜಾಗವನ್ನು ಈಗಲೇ ಗೊತ್ತುಮಾಡಬೇಕು. ಕೆಲವು ಬಿಡಿ ರೆಕ್ಕೆಗಳನ್ನೂ ಮೂತಿಭಾಗಗಳನ್ನೂ ಸಾಲು ಓಡುತ್ತಿರುವಾಗಲೇ ಹೆಚ್ಚುವರಿಯಾಗಿ ಮಾಡಿಸಿಡಬೇಕು. ರಿವೆಟ್ ಹೊಡೆಯುತ್ತ, ಪದರ ಕೂರಿಸುತ್ತ ಇಪ್ಪತ್ತು ಮೂವತ್ತು ವರ್ಷ ಕಳೆದ ಕೆಲಸಗಾರರು ನಿವೃತ್ತರಾಗುವ ಮೊದಲು ಅವರ ಪಕ್ಕದಲ್ಲಿ ಹೊಸಬರನ್ನು ನಿಲ್ಲಿಸಬೇಕು. ಹೊಸ ವಿಮಾನದ ಆರ್ಡರ್‌ನಲ್ಲಿ ಇದಕ್ಕೆ ಬೇಕಾದ ಹಣ ದೊಡ್ಡದೇನಲ್ಲ, ಮತ್ತು ಸಾಲು ಮುಚ್ಚಿದ ಮೇಲೆ ಎಷ್ಟು ಹಣ ಕೊಟ್ಟರೂ ಇವು ಸಿಗುವುದಿಲ್ಲ.